ಐದೆಳೆಯ ಅರಿಷಿಣ ದಾರ

ಹುಸೇನಮ್ಮನ ಹೆಸರು ಕೇಳಿ ಹೈದರಾಬಾದಿನಲ್ಲಿ ಎಷ್ಟೋ ಮಂದಿ ತಬ್ಬಿಬ್ಬಾಗಿದ್ದಾರೆ. ರೇಷನ್ ಕಾರ್ಡಿನ ಗುಮಾಸ್ತ ಅವಳ ಹಣೆಯ ಕುಂಕುಮ ನೋಡಿ, ಅರ್ಜಿಯ ಹೆಸರು ನೋಡಿ, ಮತ್ತೆ ಕುಂಕುಮ ನೋಡಿ, ಪೆನ್ನು ಕೆಳಗಿಟ್ಟು ಕೂತುಬಿಟ್ಟಿದ್ದ. "ನಮ್ಮ ಕಡೆ ಮೊಹರಂ ದೇವರಿಗೆ ಬೇಡಿಕೊಂಡು ಹುಟ್ಟಿದವರಿಗೆ ಇದ ಹೆಸರು ಇಡ್ತಾರ್ರಿ. ನಿಮಗೇನು ತ್ರಾಸು? ಬರಕೋರಿ" ಎಂದು ಇವಳು ಗದರಿದ ಮೇಲೆ ಬರೆದುಕೊಂಡ. ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯ ಹೆಂಗಸು. ಕೈ ಚುರುಕು, ಮಾತು ಖಡಕ್ಕು, ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿ. ಆ ಸಿಟ್ಟು ಮೂಗಿನಿಂದ ಕೆಳಗಿಳಿಯಲು ಒಂದು ಕಪ್ ಚಹಾ ಸಾಕಾಗುತ್ತಿತ್ತು ಎನ್ನುವುದು ಬೇರೆ ಮಾತು.

ಮಾದಾಪುರದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸತೊಡಗಿದ್ದ ಕಾಲ ಅದು. ಅವಳ ಗಂಡ ಅಮರೇಶಪ್ಪ ಅಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಬಂದ, ಹಿಂದೆಯೇ ಇವಳೂ ಬಂದಳು. ಇಡೀ ಊರಿಗೆ ಕಂಪ್ಯೂಟರಿನ ಹುಚ್ಚು ಹಿಡಿದಿತ್ತು. ಅಮೀರ್‌ಪೇಟ್‌ನಲ್ಲಂತೂ ಒಂದು ಮಹಡಿಗೆ ನಾಲ್ಕು ಕಂಪ್ಯೂಟರ್ ಶಾಲೆ. ಅಷ್ಟು ಕಂಪ್ಯೂಟರುಗಳು ಆಕಾಶದಿಂದ ಇಳಿಯುವುದಿಲ್ಲವಲ್ಲ, ಒಂದೊಂದೂ ರಟ್ಟಿನ ಡಬ್ಬಿಯಲ್ಲಿ ಕೂತು ಬರಬೇಕು. ಆ ಡಬ್ಬಿ ಮಾಡುವ ಕಾರ್ಖಾನೆಯೊಂದು ಕೂಕಟ್‌ಪಲ್ಲಿಯ ಬಸ್ಸಿನ ರಸ್ತೆಯಿಂದ ಒಳಗೆ, ತಗಡಿನ ಶೆಡ್ಡಿನಲ್ಲಿತ್ತು. ಹುಸೇನಮ್ಮ ಅಲ್ಲಿ ಕೆಲಸಕ್ಕೆ ಸೇರಿದಳು. ಕಂಪ್ಯೂಟರನ್ನು ಹತ್ತಿರದಿಂದ ನೋಡಿದವಳಲ್ಲ, ಆದರೆ ಅದರ ಮನೆ ಎಷ್ಟು ಉದ್ದ ಎಷ್ಟು ಅಗಲ ಎಂದು ಕೇಳಿದರೆ ಗೇಣಿನ ಲೆಕ್ಕದಲ್ಲಿ ಹೇಳುತ್ತಿದ್ದಳು.

ಶೆಡ್ಡಿನಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಗೋಂದಿನ ಮಷೀನಿಗೆ. ಒಂದರ ಮೇಲೊಂದು ಎರಡು ಕಬ್ಬಿಣದ ರೋಲರು, ಕೆಳಗೆ ಗೋಂದಿನ ತೊಟ್ಟಿ. ರೋಲರುಗಳು ಒಳಮುಖವಾಗಿ ತಿರುಗುತ್ತಿರುತ್ತವೆ. ಎಡಗೈಯಿಂದ ಹಾಳೆಯ ತುದಿ ಹಿಡಿದು ಅವುಗಳ ನಡುವಿನ ಸಂದಿಗೆ ಕೊಟ್ಟು, ಬಲಗೈಯಿಂದ ಹಿಂದಿನಿಂದ ನೂಕಬೇಕು. ಹಾಳೆ ಸರಕ್ಕನೆ ಒಳಹೋಗಿ ಆಚೆ ಗೋಂದು ಬಳಿದುಕೊಂಡು ಬರುತ್ತದೆ. ಆ ಸಂದಿಗೆ ಹಾಳೆ ಯಾವುದು, ಕೈ ಯಾವುದು ಎಂಬ ಭೇದವಿಲ್ಲ. ಮಷೀನು ಹೊಸದಾಗಿ ಬಂದಾಗ ಸಂದಿಯ ಮುಂದೆ ಹಾಳೆಯಷ್ಟೇ ತೂರುವಂಥ ಕಬ್ಬಿಣದ ಜಾಲರಿ ಇತ್ತು. ಜಾಲರಿಯಿದ್ದರೆ ಹಾಳೆ ನಿಧಾನವಾಗಿ ಹೋಗುತ್ತದೆಂದು ಸೂಪರ್‌ವೈಜರ್ ಹಣಮಂತರಾಯರು ಅಲ್ಲಿದ್ದ ಮೂರೂ ಮಷೀನಿನ ಜಾಲರಿ ಬಿಚ್ಚಿಸಿ ಹಿಂದಿನ ಗೋಡೆಗೆ ಒರಗಿಸಿದ್ದರು. ಅಲ್ಲಿ ಅವಕ್ಕೆ ತುಕ್ಕು ಹಿಡಿಯುತ್ತಿತ್ತು.

ಮೊದಲ ವರ್ಷವೇ ಹುಸೇನಮ್ಮನ ಎಡಗೈಯ ಬಳೆ ರೋಲರಿಗೆ ಸಿಕ್ಕಿತು. ಚಟ್ ಅಂತ ಮೂರು ಬಳೆ ಒಡೆದವು, ಮಣಿಕಟ್ಟಿಗೆ ಎರಡು ಗಾಯವಾಯಿತು, ಕೈ ಮಾತ್ರ ವಾಪಸು ಬಂತು. ಇವಳು ಅತ್ತಳು. ರಕ್ತಕ್ಕಲ್ಲ, ಬಳೆ ಒಡೆದದ್ದಕ್ಕೆ. ಅತ್ತ ಗಂಡ ಒಂಬತ್ತನೆಯ ಮಹಡಿಯ ತುದಿಯಲ್ಲಿ ನಿಂತು ಕೆಲಸ ಮಾಡುವಾಗ ಇತ್ತ ಹೆಂಡತಿಯ ಕೈಯ ಬಳೆ ಒಡೆದರೆ ಯಾರಿಗೆ ತಾನೇ ಎದೆ ಧಸಕ್ಕೆನ್ನುವುದಿಲ್ಲ? ಸಂಜೆ ಅಮರೇಶಪ್ಪ ಸಿಮೆಂಟು ಮೆತ್ತಿಕೊಂಡು ನಗುನಗುತ್ತ ಮನೆಗೆ ಬರುವವರೆಗೂ ಅವಳು ಹೊಸ್ತಿಲು ಬಿಟ್ಟು ಏಳಲಿಲ್ಲ.

ಮರುದಿನದಿಂದ ಹೊಸ ಕಾಯಿದೆ ಬಂತು. ಬಳೆ ಇದ್ದವರು ಮಷೀನು ಮುಟ್ಟುವಂತಿಲ್ಲ. ಹಾಗಾದರೆ ಮುಟ್ಟುವವರು ಯಾರು? ಗಂಡ ಸತ್ತವರು! ಅವರ ಕೈ ಹೇಗೂ ಬರಿದು. ಹಣಮಂತರಾಯರು ಇದನ್ನು ದೊಡ್ಡ ಉಪಾಯವೆಂಬಂತೆ ಹೇಳಿದಾಗ ಅಂಬವ್ವ ಎದ್ದು ಹೋಗಿ ಮಷೀನಿನ ಮುಂದೆ ನಿಂತಳು. ಅಂಬವ್ವ ಅಲ್ಲಿನ ಹಿರಿಯಳು, ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಇನ್ನಿಬ್ಬರು ಅಂಥವರನ್ನೇ ಹುಡುಕಿ ತಂದರು. ಮಷೀನಿನವರಿಗೆ ಕೂಲಿ ಹೆಚ್ಚು. ಉಳಿದ ಎಂಟು ಮಂದಿ ನೆಲದ ಮೇಲೆ ಕೂತು ಡಬ್ಬಿ ಮಡಚಿದರು.

ಡಬ್ಬಿಯ ಆರ್ಡರು ಏರಿತು. ಕಾರ್ಖಾನೆ ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಎಂದು ಎರಡು ಪಾಳಿಯಲ್ಲಿ ನಡೆಯತೊಡಗಿದಾಗ ಮೂರು ಬರಿಗೈ ಜೋಡಿ ಸಾಲದಾಯಿತು. "ಬಳೆ ತೆಗೆದು ಬರ್ರಿ, ಕೆಲಸ ಕೊಡ್ತೀನಿ" ಅಂದರು ರಾಯರು. ಹೆಂಗಸರು ಮುಖ ಮುಖ ನೋಡಿಕೊಂಡರು. ಮುತ್ತೈದೆ ಬರಿಗೈಯಲ್ಲಿ ಒಂದು ಗಳಿಗೆ ಇದ್ದರೂ ಮನಸ್ಸು ಒಪ್ಪುವುದಿಲ್ಲ. ಎಂಟು ತಾಸು ಇರುವುದು ಹೇಗೆ?

ದಾರಿ ಹುಡುಕಿದ್ದು ಹುಸೇನಮ್ಮ. ಊರಲ್ಲಿ ಬಳೆ ಒಡೆದು ಬಳೆಗಾರ ಬರುವುದು ತಡವಾದರೆ ಅವಳ ತಾಯಿ ಏನು ಮಾಡುತ್ತಿದ್ದಳು? ಐದೆಳೆ ನೂಲು ಹೊಸೆದು, ಅರಿಷಿಣ ಹಚ್ಚಿ, ಒಂದು ತುಂಡು ಅರಿಷಿಣ ಕೊಂಬು ಸಿಗಿಸಿ ಮಣಿಕಟ್ಟಿಗೆ ಕಟ್ಟುತ್ತಿದ್ದಳು. ಅದು ಬಳೆಗೆ ಸಮ. ಹುಸೇನಮ್ಮ ಮೊದಲು ತನಗೆ ಕಟ್ಟಿಕೊಂಡಳು. ಆಮೇಲೆ ಪಕ್ಕದಲ್ಲಿ ಕೂಡುತ್ತಿದ್ದ ಸಾವಿತ್ರಿಬಾಯಿಯ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅವಳಿಗೂ ಕಟ್ಟಿದಳು. ಸಾವಿತ್ರಿಬಾಯಿ ಬೀದರಿನ ಕಡೆಯ ಹುಡುಗಿ, ಮದುವೆಯಾಗಿ ಎರಡು ವರ್ಷವಾಗಿತ್ತು, ಇವಳನ್ನು ಅಕ್ಕ ಎನ್ನುತ್ತಿದ್ದಳು. "ಗಟ್ಟಿ ಕಟ್ಟಕ್ಕಾ, ನಡುವ ಬಿಚ್ಚಬಾರ್ದು" ಎಂದಳು. ಇವಳು ಮೂರು ಗಂಟು ಹಾಕಿದಳು. ನೋಡಿದವರೆಲ್ಲ ನನಗೂ ನನಗೂ ಎಂದರು. ವಾರದೊಳಗೆ ಎಂಟೂ ಮಂದಿಯ ಕೈಯಲ್ಲಿ ಅರಿಷಿಣ ದಾರ, ಶೆಡ್ಡಿನ ಬಾಗಿಲ ಮೊಳೆಗಳಲ್ಲಿ ಬಳೆಗಳ ಸಾಲು. ಹುಸೇನಮ್ಮ ಹೆಮ್ಮೆಯಿಂದ ಬೀಗಿದಳು. ಬೀಗಬಾರದೇಕೆ, ಗಂಡನ ಶ್ರೇಯಸ್ಸೂ ಉಳಿಯಿತು, ಕೂಲಿಯೂ ಏರಿತು.

ಎರಡು ತಿಂಗಳು ಕಳೆದ ಮೇಲೆ, ಒಂದು ಮಂಗಳವಾರ, ಮಧ್ಯಾಹ್ನದ ಊಟ ಮುಗಿಸಿ ಮಷೀನು ಶುರುಮಾಡಿ ಹತ್ತು ನಿಮಿಷವಾಗಿರಬೇಕು. ಪಕ್ಕದ ಮಷೀನಿನಲ್ಲಿ ಸಾವಿತ್ರಿಬಾಯಿ ಕೂಗಿದಳು. ಹುಸೇನಮ್ಮ ತಿರುಗಿ ನೋಡುವಷ್ಟರಲ್ಲಿ ಅವಳ ಎಡಗೈ ಬೆರಳುಗಳ ಬುಡದವರೆಗೆ ಒಳಗೆ ಹೋಗಿತ್ತು. ಹುಸೇನಮ್ಮ ಓಡಿ ಹೋಗಿ ಕೆಂಪು ಗುಂಡಿ ಗುದ್ದಿದಳು. ಮಷೀನು ನಿಂತಿತು. ಅಂಬವ್ವ ಚಕ್ರ ಹಿಡಿದು ಹಿಂದಕ್ಕೆ ತಿರುಗಿಸಿದಳು, ಕೈ ಹೊರಬಂತು. ಅದನ್ನು ಬಿಳಿ ಹಾಳೆಯಲ್ಲೇ ಸುತ್ತಿ, ರಾಯರ ಸ್ಕೂಟರಿನಲ್ಲಿ ನಡುವೆ ಕೂರಿಸಿ ಇ.ಎಸ್.ಐ. ಆಸ್ಪತ್ರೆಗೆ ಕಳಿಸಿದರು.

ಆ ಗದ್ದಲದಲ್ಲಿ ಹುಸೇನಮ್ಮ ಒಬ್ಬಳೇ ಒಂದು ಸಂಗತಿ ನೋಡಿದಳು. ಕೆಳಗಿನ ರೋಲರಿಗೆ ಅರಿಷಿಣ ದಾರ ಸುತ್ತಿಕೊಂಡಿತ್ತು. ಗಂಟಿನ ತುದಿ ಗೋಂದಿಗೆ ಅಂಟಿ, ರೋಲರು ಅದನ್ನು ಸುತ್ತಿಕೊಳ್ಳುತ್ತ ಹೋಗಿ, ದಾರದ ಹಿಂದೆ ಕೈ ಹೋಗಿತ್ತು. ಕೈ ಹೊರಗೆ ತೆಗೆಯುವಾಗ ಮೂರು ಗಂಟೂ ಜಾರಿ ಬಿಚ್ಚಿಕೊಂಡಿದ್ದವು. ದಾರ ಮಾತ್ರ ಎಲ್ಲಿಯೂ ಹರಿದಿರಲಿಲ್ಲ. ಒಂದೆಳೆಯೂ! ಗಾಜಾಗಿದ್ದರೆ ಒಡೆಯುತ್ತಿತ್ತು. ತನ್ನ ಬಳೆ ಒಡೆದಿತ್ತಲ್ಲ, ಅದಕ್ಕೇ ಅಲ್ಲವೇ ತನ್ನ ಕೈ ಉಳಿದದ್ದು? ಒಡೆಯುವುದನ್ನು ತೆಗೆಸಿ ಹರಿಯದ್ದನ್ನು ಕಟ್ಟಿದವಳು ತಾನು. ಯಾರೂ ನೋಡದಂತೆ ದಾರವನ್ನು ಸುಲಿದು ಎಲೆ ಅಡಿಕೆ ಸಂಚಿಯೊಳಗೆ ತುರುಕಿದಳು.

ಸಾವಿತ್ರಿಬಾಯಿಯ ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಹೋದವು, ಅವುಗಳ ಬುಡದ ಅಂಗೈಯನ್ನೂ ಡಾಕ್ಟರು ತೆಗೆದರು. ತೋರುಬೆರಳು, ಹೆಬ್ಬೆರಳು ಉಳಿದವು. ಹನ್ನೆರಡು ದಿನ ಹುಸೇನಮ್ಮ ಪಾಳಿ ಮುಗಿಸಿ ಆಸ್ಪತ್ರೆಗೆ ಹೋಗಿ ಅವಳ ಕಾಲ ಹತ್ತಿರ ಕೂತಳು. ಹೇಳಬೇಕೆಂದು ಹೋಗುವಳು, ಗಂಜಿ ಕುಡಿಸಿ ಬರುವಳು. ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಹಣಮಂತರಾಯರು, ನಡೆಯುವ ಮಷೀನನ್ನು ಅರಿವೆಯಿಂದ ಒರೆಸಲು ಹೋದಳೆಂದು ಹೇಳಿದರು. ಜಾಲರಿ ಹಾಕಿರೆಂದು ಅಧಿಕಾರಿ ಬರೆದುಕೊಟ್ಟ. ಹಾಕಿದರು, ಎರಡು ದಿನ ಇಟ್ಟರು, ಮೂರನೆಯ ದಿನ ಬಿಚ್ಚಿ ಗೋಡೆಗೆ ಒರಗಿಸಿದರು. ಹುಸೇನಮ್ಮ ಎಲ್ಲ ನೋಡಿದಳು, ಬಾಯಿ ಬಿಡಲಿಲ್ಲ. ಊರಿಗೆಲ್ಲ ಬಯ್ಯುವ ಬಾಯಿ ಹೊಲಿದಂತಾಗಿತ್ತು.

ಅವಳನ್ನು ನಿಜಕ್ಕೂ ಕೊಂದದ್ದು ಬೇರೆ. ನೋಡಲು ಹೋದ ಹೆಂಗಸರಿಗೆಲ್ಲ ಸಾವಿತ್ರಿಬಾಯಿ ಹಾಸಿಗೆಯಲ್ಲಿ ಮಲಗಿಯೇ ಒಂದೇ ಮಾತು ಹೇಳಿದ್ದಳು: "ಕೈಯಾಗ ದಾರ ಇತ್ತಂತ ಜೀವಾ ಉಳೀತು, ಇಲ್ಲಂದ್ರ ಪೂರಾ ಕೈ ಹೋಗ್ತಿತ್ತು." ಮಾತು ಶೆಡ್ಡಿಗೆ ಬಂತು. ಶುಕ್ರವಾರ ಎಲ್ಲರೂ ದಾರ ಹೊಸದು ಮಾಡಿಕೊಂಡರು. ಐದೆಳೆ ಹೋಗಿ ಒಂಬತ್ತೆಳೆಯಾಯಿತು. ಬಿಗಿಯಾಗಿ ಹೊಸೆದು, ಮೇಣ ತೀಡಿ, ಎತ್ತು ಕಟ್ಟಿದರೂ ಹರಿಯದಂಥ ದಾರ. ಹುಸೇನಮ್ಮ ತನ್ನ ದಾರವನ್ನು ಮಣಿಕಟ್ಟಿನಿಂದ ಬಿಚ್ಚಿ ರವಿಕೆಯ ತೋಳಿನೊಳಗೆ ಮೇಲೆ ಕಟ್ಟಿಕೊಂಡು, ಉಳಿದ ಆರು ಎಡಗೈಗಳು ಸಂದಿಯ ಹತ್ತಿರ ಹೋಗಿ ಬರುವುದನ್ನೇ ನೋಡುತ್ತ ದಿನ ಕಳೆದಳು. ಕೆಲಸದಲ್ಲಿ ತಪ್ಪು ಮಾಡಿದಳು, ಊಟ ಬಿಟ್ಟಳು. "ನಿಂಗೇನಾಗೈತಿ?" ಎಂದು ಅಮರೇಶಪ್ಪ ಕೇಳಿದರೆ ಅವನ ಮೇಲೇ ಹರಿಹಾಯ್ದಳು. ಹೇಳಿದರೆ ಸಾವಿತ್ರಿ ಇನ್ನು ಮುಖ ನೋಡುವುದಿಲ್ಲ, ಹೇಳದಿದ್ದರೆ ಇನ್ನೊಂದು ಕೈ ಹೋಗುತ್ತದೆ. ಇದಿಷ್ಟೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಸಾವಿತ್ರಿಬಾಯಿ ಮನೆಗೆ ಬಂದು ತಿಂಗಳಾದ ಮೇಲೆ, ಒಂದು ಭಾನುವಾರ ಹುಸೇನಮ್ಮ ಅವಳಿಗೆಂದು ಹಸಿರು ಬಳೆ ಕೊಂಡು ಅವಳ ಮನೆಗೆ ಹೋದಳು. ಬಲಗೈಗೆ ಇಡುವಾಗ ಎಂದಿನಂತೆ ಕೈ ಹಿಸುಕಿ, ಎಣ್ಣೆ ಹಚ್ಚಿ, ಸಾವಿತ್ರಿ ಅಯ್ಯಯ್ಯೋ ಅಂದು, ಇಬ್ಬರೂ ನಕ್ಕರು. ಎಡಗೈ ತೆಗೆದುಕೊಂಡಳು. ಹಿಸುಕಲು ಅಲ್ಲಿ ಏನೂ ಇರಲಿಲ್ಲ. ಬಳೆ ಎಣ್ಣೆಯಿಲ್ಲದೆ, ನೋವಿಲ್ಲದೆ ಸಲೀಸಾಗಿ ಮಣಿಕಟ್ಟಿಗೆ ಹೋಯಿತು. ಕೈ ಕೆಳಗೆ ಮಾಡಿದರೆ ಅಷ್ಟೇ ಸಲೀಸಾಗಿ ಜಾರಿ ನೆಲಕ್ಕೆ ಬಿತ್ತು. ಹುಸೇನಮ್ಮ ಅದನ್ನು ಎತ್ತಿಕೊಂಡಳು, ಮತ್ತೆ ಇಡಲು ಅವಳಿಂದ ಆಗಲಿಲ್ಲ.

ಸಂಚಿಯಿಂದ ದಾರ ತೆಗೆದು ಮುಂದಿಟ್ಟಳು. ಗೋಂದು ಒಣಗಿ ಅದು ಕಡ್ಡಿಯಂತೆ ಬಿರುಸಾಗಿತ್ತು.

"ಸಾವಿತ್ರಿ, ಇದು ನಿನ್ನ ಜೀವಾ ಉಳಿಸಲಿಲ್ಲವಾ. ಇದ ನಿನ್ನ ಕೈ ಎಳಕೊಂಡು ಹೋತು. ಕಟ್ಟಿದಾಕಿ ನಾನು. ಬಯ್ಯಿ, ಹೊಡಿ, ಏನರ ಮಾಡು."

ಸಾವಿತ್ರಿಬಾಯಿ ದಾರವನ್ನು ನೋಡಿದಳು, ಮುಟ್ಟಲಿಲ್ಲ. "ಗೊತ್ತೈತಿ ಅಕ್ಕಾ" ಅಂದಳು.

"ಏನು ಗೊತ್ತೈತಿ?"

"ಎಳಕೊಂಡದ್ದು ನನ್ನ ಕೈ ಅಲ್ಲೇನು? ಮೊದಲ ಮಣಿಕಟ್ಟು ಜಗ್ಗಿತು. ಆಮ್ಯಾಗ ಬೆರಳು ಹೋದವು. ನಂಗ ಗೊತ್ತಾಗದಽ ಇರ್ತದೇನು?"

"ಮತ್ತ ಜೀವಾ ಉಳಿಸ್ತು ಅಂತ ಎಲ್ಲಾರ ಮುಂದ ಯಾಕ ಸಾರಿದಿ?"

"ಕೈ ಕಳಕೊಂಡಾಕಿ ನಾನು ಸುಮ್ಮನಿದ್ರ ಅವರೇನು ಸುಮ್ಮನಿರ್ತಾರ? ಹುಸೇನಮ್ಮ ಕಟ್ಟಿದ ದಾರ ಅಂತ ಮಾತು ಎದ್ದಽ ಏಳ್ತಿತ್ತು. ಹನ್ನೆರಡು ದಿನ ನನ್ನ ಕಾಲ ಬಲ್ಲಿ ಕುಂತಾಕಿ ನೀನು. ನಿನ್ನ ಹೆಸರು ಯಾಕ ಬರಬೇಕು?"

ಹುಸೇನಮ್ಮನಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. "ಹುಚ್ಚಿ! ನನ್ನ ಹೆಸರು ತಗೊಂಡು ಒಲಿಗೆ ಹಾಕು! ನಿನ್ನ ಮಾತು ಕೇಳಿ ಆರು ಮಂದಿ ಒಂಬತ್ತೆಳಿ ಹೊಸದು ಕಟ್ಟಿಕೊಂಡಾರ, ಮೇಣ ಹಚ್ಚಿ!"

ಸಾವಿತ್ರಿಬಾಯಿಯ ಮುಖದ ಬಣ್ಣ ಹೋಯಿತು. ಶೆಡ್ಡಿಗೆ ಹೋಗದೆ ಒಂದೂವರೆ ತಿಂಗಳಾಗಿತ್ತು, ಅವಳಿಗೆ ಇದು ತಿಳಿದಿರಲಿಲ್ಲ. "ಒಂಬತ್ತೆಳಿ?" ಅಂದಳು. ಆಮೇಲೆ ಉಳಿದ ಎರಡು ಬೆರಳಿಂದ ದಾರವನ್ನು ಎತ್ತಿ ಸಂಚಿಯೊಳಗೆ ತಾನೇ ಹಾಕಿದಳು. "ನಾಳಿ ಮುಂಜಾನೆ ನಾನೂ ಬರ್ತೀನಿ."

ಅವತ್ತು ಹುಸೇನಮ್ಮ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡಳು. ಅಮರೇಶಪ್ಪ ಎರಡನೆಯ ಸಲ ಸಾರು ಬಡಿಸಿಕೊಂಡ ಹೆಂಡತಿಯನ್ನು ನೋಡಿ ರೊಟ್ಟಿಯ ಬುಟ್ಟಿಯನ್ನು ಅವಳ ಕಡೆ ಸರಿಸಿದ. ಜಾಣ ಮನುಷ್ಯ.

ಬೆಳಿಗ್ಗೆ ಮಷೀನು ಶುರುವಾಗುವ ಮೊದಲು ಎರಡೂ ಪಾಳಿಯವರನ್ನು ಕೂಡಿಸಿಕೊಂಡು ಇಬ್ಬರೂ ಶೆಡ್ಡಿನ ನಡುವೆ ನಿಂತರು. ಹುಸೇನಮ್ಮ ದಾರ ತೋರಿಸಿ ನಡೆದದ್ದನ್ನು ಹೇಳಿದಳು, ಬಚ್ಚಿಟ್ಟದ್ದನ್ನೂ ಹೇಳಿದಳು. ರಟ್ಟು ಕೊಯ್ಯುವ ಚಾಕು ತೆಗೆದು ತನ್ನ ಕೈಯ ದಾರವನ್ನು ಕತ್ತರಿಸಲು ಹೋದಳು. ಅಷ್ಟಕ್ಕೇ ಗುಲ್ಲೆದ್ದಿತು.

"ಗಂಡನ ಹೆಸರಿನ ದಾರಕ್ಕ ಚಾಕು ಹಚ್ತಿಯಾ? ನಿಂಗ ಬುದ್ಧಿ ಐತಿಲ್ಲೋ?"

"ಕಟ್ಟಾಕ ಹೇಳಿದಾಕಿನೂ ನೀನ, ಹರಿಯಾಕ ಹೇಳಾಕಿನೂ ನೀನ! ಯಾವ ಮಾತು ನಂಬೂನು?"

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಆಗ ಮಾತಾಡಿದವಳು ಅಂಬವ್ವ. ಅವಳು ಮಾತಾಡುವುದೇ ಅಪರೂಪ.

"ನನ್ನ ಗಂಡ ಹೋದ ದಿನ ನನ್ನ ಕೈಯಾಗ ಎರಡು ಡಜನ್ ಬಳಿ ಇದ್ದವು" ಅಂದಳು. "ಒಂದೂ ಒಡದಿರಲಿಲ್ಲ. ಆಮ್ಯಾಗ ಮಂದಿ ಒಡದ್ರು."

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಒಬ್ಬಳು ನೀರಿನ ಕೊಡದ ಹತ್ತಿರ ಹೋಗಿ ದಾರ ನೆನೆಸಿ, ಹಲ್ಲಿನಿಂದ ಗಂಟು ಸಡಿಲಿಸತೊಡಗಿದಳು. ಕತ್ತರಿಸಲಿಲ್ಲ, ಬಿಚ್ಚಿದಳು. ಹಿಂದೆಯೇ ಇನ್ನೊಬ್ಬಳು. ಹುಸೇನಮ್ಮನೂ ಚಾಕು ಕೆಳಗಿಟ್ಟು ತನ್ನ ಗಂಟು ಬಿಚ್ಚಿದಳು. ಏಳು ಹಳದಿ ದಾರ ಕೈಯಲ್ಲಿ ಹಿಡಿದು ನಿಂತವರಿಗೆ ಹೊಸ ತಾಪತ್ರಯ. ಇವನ್ನು ಎಲ್ಲಿಡುವುದು? ಕಸಕ್ಕೆ ಹಾಕುವಂತಿಲ್ಲ, ಕಾಲಿಗೆ ಸಿಗಬಾರದು, ಮನೆಗೆ ಒಯ್ದರೆ ಅತ್ತೆಯಂದಿರು ನೂರು ಕೇಳುತ್ತಾರೆ.

ಸಾವಿತ್ರಿಬಾಯಿ ಹಿಂದಿನ ಗೋಡೆಯ ಕಡೆ ಕೈ ತೋರಿಸಿದಳು. ತುಕ್ಕು ಹಿಡಿದ ಮೂರು ಜಾಲರಿಗಳು ಅಲ್ಲಿ ಒರಗಿ ನಿಂತಿದ್ದವು. "ಅದಕ್ಕ ಕಟ್ರಿ" ಅಂದಳು. "ಕೈಗೆ ಕಟ್ಟಿದ ದಾರ ಕೈ ಕಾಯೂದಕ್ಕಽ ಇರ್ಲಿ."

ಹಣಮಂತರಾಯರು ಬಂದಾಗ ಜಾಲರಿಗಳು ತೊಳೆದು, ಮೂಲೆಗೆ ಕುಂಕುಮ ಹಚ್ಚಿಸಿಕೊಂಡು, ದಾರಗಳನ್ನು ಕಟ್ಟಿಸಿಕೊಂಡು ಮಷೀನುಗಳ ಮುಂದೆ ಬಂದು ನಿಂತಿದ್ದವು. ಹೆಂಗಸರು ನೆಲದ ಮೇಲೆ ಕೂತಿದ್ದರು.

"ಏನ್ರವಾ ಇದು? ನಾಲ್ಕು ಸಾವಿರ ಡಬ್ಬಿ ಗುರುವಾರದೊಳಗ ಹೋಗಬೇಕು!"

"ಹೋಗ್ತಾವ್ರೀ ಸಾಹೇಬ್ರ" ಅಂದಳು ಹುಸೇನಮ್ಮ. "ಇವನ್ನ ಬೋಲ್ಟು ಹಾಕಿ ಬಿಗೀರಿ, ಗುಂಡಿ ಒತ್ತತೀವಿ. ಇಲ್ಲಾಂದ್ರ ನೀವು ಒತ್ತರಿ, ಹಾಳಿನೂ ನೀವ ಕೊಡ್ರಿ."

ರಾಯರು ಕೂಗಾಡಿದರು, ಕಾರ್ಖಾನೆಯ ಮಾಲೀಕ ಸೇಠನಿಗೆ ಫೋನು ಮಾಡುತ್ತೇನೆಂದರು, ಚಹಾ ಕುಡಿದು ಬಂದು ಇನ್ನಷ್ಟು ಕೂಗಾಡಿದರು. ಹತ್ತೂವರೆಗೆ ಬೋಲ್ಟು ಬಿಗಿಸಿದರು. ಆಮೇಲೆ ಹೆಂಗಸರು ಸಾವಿತ್ರಿಬಾಯಿಯ ಗೋಂದು ಮೆತ್ತಿದ ಐದೆಳೆಯ ದಾರವನ್ನು ನಡುವಿನ ಮಷೀನಿನ ಜಾಲರಿಗೆ, ಸಂದಿಯ ನೇರಕ್ಕೆ ಕಟ್ಟಿದರು. ಒಂದು ತುದಿಯನ್ನು ಸಾವಿತ್ರಿಬಾಯಿ ಎರಡು ಬೆರಳಿಂದ ಹಿಡಿದಳು, ಹುಸೇನಮ್ಮ ಗಂಟು ಹಾಕಿದಳು. ಅವತ್ತಿನಿಂದ ಆ ಹೆಂಗಸರು ಬರಿಗೈಯಲ್ಲಿ ಕೆಲಸ ಮಾಡಿದರು. ಸಂಜೆ ಬಾಗಿಲ ಮೊಳೆಯಿಂದ ಬಳೆ ತೆಗೆದು ತೊಟ್ಟುಕೊಂಡು ಮನೆಗೆ ಹೋದರು. ಯಾರ ಗಂಡನಿಗೂ ಏನೂ ಆಗಲಿಲ್ಲ.

ಸಾವಿತ್ರಿಬಾಯಿ ಡಬ್ಬಿಗೆ ಮುದ್ರೆ ಒತ್ತುವ ಕೆಲಸಕ್ಕೆ ವಾಪಸು ಬಂದಳು. ಅವಳನ್ನು ತೆಗೆದುಕೊಳ್ಳುವುದಿಲ್ಲವೆಂದು ರಾಯರು ಮೊದಲು ಹೇಳಿದ್ದರು. ಹುಸೇನಮ್ಮ ಅವರ ಜೊತೆ ಏನು ಮಾತಾಡಿದಳೋ, ಅದನ್ನು ಇಲ್ಲಿ ಬರೆಯುವಂತಿಲ್ಲ.

ದೀಪಾವಳಿಗೆ ಮುಂಚೆ ದೊಡ್ಡ ಆರ್ಡರು ಬಂತು. ಸೇಠನಿಂದ ಹುಕುಂ ಆಯಿತು: ಹದಿನೈದು ದಿನದ ಮಟ್ಟಿಗೆ ಜಾಲರಿ ತೆಗೆಯಿರಿ. ರಾಯರು ಹೆಂಗಸರ ಮುಖ ನೋಡದೆ ಫಿಟ್ಟರನ್ನು ಕಳಿಸಿದರು. ತೆಲುಗು ಮನುಷ್ಯ, ಹೊಸಬ. ಬೋಲ್ಟು ಬಿಚ್ಚುವ ಪಾನಾ ಹಿಡಿದು ನಡುವಿನ ಮಷೀನಿನ ಮುಂದೆ ಕೂತ. ಅಷ್ಟರಲ್ಲಿ ಶ್ರಾವಣದ ಶುಕ್ರವಾರಗಳು, ಗೌರಿ ಹಬ್ಬ, ದಸರೆ ಎಲ್ಲ ಕಳೆದಿದ್ದವು. ಒಂದೊಂದು ಹಬ್ಬಕ್ಕೂ ಒಂದೊಂದು ದಾರ ಬಿದ್ದು ಬೋಲ್ಟು ಕಾಣದಷ್ಟು ಹಳದಿಯಾಗಿತ್ತು. "ಏಂಟಮ್ಮಾ ಇದಿ?" ಎಂದು ಕೇಳಿದ. ತಮ್ಮ ಗಂಡಂದಿರ ಹೆಸರಿನ ದಾರವೆಂದು ಹುಸೇನಮ್ಮ ತನಗೆ ಬಂದಷ್ಟು ತೆಲುಗಿನಲ್ಲಿ ಹೇಳಿದಳು. ಬಿಚ್ಚಬೇಡ ಎಂದು ಹೇಳಲಿಲ್ಲ. ಅವನು ಯಾವುದನ್ನು ಮೊದಲು ಬಿಚ್ಚಬೇಕೆಂದು ತಿಳಿಯದೆ ಹಿಂದಕ್ಕೆ ತಿರುಗಿ ರಾಯರನ್ನು ನೋಡಿದ.

ಸಾವಿತ್ರಿಬಾಯಿ ಮುದ್ರೆ ಕೆಳಗಿಟ್ಟು ಎದ್ದು ಬಂದಳು. ಎರಡು ಬೆರಳಿನ ಎಡಗೈಯನ್ನು ಜಾಲರಿಯ ಮೇಲೆ, ಗೋಂದು ಮೆತ್ತಿದ ಹಳೆಯ ದಾರದ ಪಕ್ಕಕ್ಕೆ ಇಟ್ಟಳು.

"ಮೊದಲ ನಂದು ಬಿಚ್ಚಪ್ಪಾ" ಅಂದಳು. "ಇದು ನಂದು."

ಫಿಟ್ಟರನಿಗೆ ಕನ್ನಡ ಬರುತ್ತಿರಲಿಲ್ಲ. ಆ ಕೈಯನ್ನು ನೋಡಿದ, ಪಾನಾ ಜೇಬಿಗೆ ಹಾಕಿಕೊಂಡು ಎದ್ದ. ಹಣಮಂತರಾಯರು ಕನ್ನಡಕ ತೆಗೆದು ಒರೆಸಿಕೊಂಡರು, ಬಹಳ ಹೊತ್ತು ಒರೆಸಿದರು. "ಇರ್ಲಿ ಬಿಡ್ರವಾ" ಎಂದರು. "ಎಷ್ಟು ಡಬ್ಬಿ ಆಗ್ತಾವ ಅಷ್ಟ ಆಗ್ಲಿ. ಸೇಠಗ ನಾ ಹೇಳ್ತೀನಿ."

ಹುಸೇನಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ಗುಂಡಿ ಒತ್ತಿ, ಮೊದಲ ಹಾಳೆ ಕೊಟ್ಟಳು.